ಒಂಬತ್ತು ಟಿಕ್ ಬಿದ್ದ ಲೆಕ್ಕ

ನಾ ಬಿ.ಎ.ದಾಗ ನೂರಕ್ಕ ನಾಲ್ವತ್ತೇಳು ತಗೊಂಡಾಂವ. ಮಾಸ್ತರಾಗಾಕ ಬಂದ ಮಂದಿಗೆ ನೂರಕ್ಕ ಐವತ್ತು ಐತೋ ಇಲ್ಲೋ ನೋಡೂದು ನನ್ನ ನೌಕರಿ ಆಗಿತ್ತು. ನಗಬ್ಯಾಡ್ರಿ. ಐವತ್ತು ಎಷ್ಟು ದೂರ ಇರತೈತಿ ಅನ್ನೂದು ಅದು ಸಿಗದಾಂವಗ ಛಲೋ ಗೊತ್ತಿರತೈತಿ, ಅದಕ್ಕ ನನ್ನ ಆ ಕುರ್ಚಿ ಮ್ಯಾಲೆ ಕುಂಡ್ರಿಸಿರಬೇಕು ಅಂತ ನಾನ ಸಮಾಧಾನ ಮಾಡಕೊಂಡಿದ್ದೆ.

ಮೊನ್ನೆ ನಮ್ಮ ತಂಗಿ ಮಗ ಗುಮಾಸ್ತರ ಪರೀಕ್ಷಾ ಪಾಸಾಗಿ ಇಂಥದ ಒಂದು ಕಚೇರಿಗೆ ಹಾಜರಾದ. "ಮಾಮಾ, ಅಲ್ಲಿ ಕೆಲಸ ಹೆಂಗಿರತೈತಿ ಹೇಳು" ಅಂದ. ನನಗ ಬಡ್ತಿ ಯಾವಾಗ ಬಂತು, ಯಾವ ಊರಿಗೆ ವರ್ಗ ಆತು ಅನ್ನೂದೆಲ್ಲಾ ಸರ್ವಿಸ್ ಬುಕ್ಕಿನಾಗ ಐತಿ, ಅದನ್ನ ಯಾರೂ ಓದೂದಿಲ್ಲ, ಓದೂದೂ ಬ್ಯಾಡ. ನಾ ಬರಿಯಾಕತ್ತಿದ್ದು ಸರ್ವಿಸ್ ಬುಕ್ಕಿನಾಗ ಇಲ್ಲದ್ದು.

ನಮ್ಮದು ಬನಹಟ್ಟಿಯ ನೇಕಾರ ಮನಿ. ನಮ್ಮವ್ವ ಮಗ್ಗದ ಮುಂದ ಕುಂತು ಎಳಿ ಎಣಸತಿದ್ಲು. ಒಂದು ಎಳಿ ತಪ್ಪಿದ್ರ ಸೀರಿ ತುಂಬ ಕಾಣತೈತಿ, ಸಾವಕಾರ ಸೀರಿ ತಿರುಗಿ ಮಾರಿಗೆ ಒಗಿತಾನ. ಫೈಲಿನ್ಯಾಗ ಹಂಗಲ್ಲ. ಮೂವತ್ತು ತಪ್ಪಿದ್ರೂ ಕಾಣೂದಿಲ್ಲ. ಇದು ನನಗ ತಿಳಿಯಾಕ ನಿವೃತ್ತಿಗೆ ನಾಲ್ಕು ತಿಂಗಳು ಉಳಿಯೂತನಕ ಕಾಯಬೇಕಾತು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕು ಕಡಿ ಅಡ್ಡಾಡಿ ಸರ್ವಿಸ್ ಮುಗಿಸಿದಾಂವ ನಾನು. ಯಾವ ಕಚೇರಿಯಾಗ ಏನಾತು ಅಂತ ಹೇಳೂದಿಲ್ಲ, ಎಲ್ಲಾ ಕಡಿ ಅದ ಮೇಜು, ಅದ ಚಹಾ. ಶಿಕ್ಷಕರ ನೇಮಕಾತಿ ಬಂದಾಗ ನಮ್ಮಲ್ಲಿ ದಾಖಲೆ ಪರಿಶೀಲನೆ ಆಗತಿತ್ತು. ಆರರಿಂದ ಎಂಟನೇತ್ತೆಗೆ ಕಲಸಾಕ ಡಿಗ್ರಿಯೊಳಗ ನೂರಕ್ಕ ಐವತ್ತು ಬೇಕು, ಬಿ.ಇಡಿ. ಬೇಕು, ಅದರ ಮ್ಯಾಲೆ ಟಿಇಟಿ, ಅದರ ಮ್ಯಾಲೆ ಸಿಇಟಿ. ಕೆಲವು ಮಂದಿಗೆ ಐದು ಅಂಕದ ರಿಯಾಯಿತಿ, ಉಳಿದವರಿಗೆ ಐವತ್ತು ಅಂದ್ರ ಐವತ್ತು. ಒಮ್ಮೆ ಒಬ್ಬಾಂವಗ ನಾಲ್ವತ್ತೊಂಬತ್ತು ಪಾಯಿಂಟ್ ಒಂಬತ್ತು ಏಳು ಬಂದಿತ್ತು. ಇದನ್ನ ಐವತ್ತು ಅನ್ನಬೇಕೋ ಬ್ಯಾಡೋ ಅಂತ ಮ್ಯಾಲಿನ ಕಚೇರಿಗೆ ಬರದ್ವಿ. "ನಿಯಮಾನುಸಾರ ಕ್ರಮ ವಹಿಸುವುದು" ಅಂತ ಉತ್ತರ ಬಂತು. ಯಾವ ನಿಯಮ ಅಂತ ಮತ್ತ ಬರದ್ವಿ. "ಸದರಿ ನಿಯಮ" ಅಂತ ಬಂತು. ಆ ಹುಡುಗ ಕಾದು ಕಾದು ಮುಧೋಳದಾಗ ಮೊಬೈಲ್ ಅಂಗಡಿ ಹಾಕಿದ.

ನಮ್ಮ ಕೆಲಸದ ಪದ್ಧತಿ ಹಿಂಗಿತ್ತು. ಅಂಕಪಟ್ಟಿ ನೋಡಿ ಫೈಲಿನ ಅಂಚಿನ್ಯಾಗ ಕೈಲೆ ಲೆಕ್ಕ ಮಾಡಿ ನಾ ನೀಲಿ ಶಾಯಿಯ ಟಿಕ್ ಹಾಕಬೇಕು. ಅದನ್ನ ಅಧೀಕ್ಷಕರಾದ ಉಪಾಧ್ಯೆಯವರು ನೋಡಿ ಕರೀ ಟಿಕ್ ಹಾಕಬೇಕು. ಆಮ್ಯಾಲೆ ಸಾಹೇಬರು ಹಸಿರು ಟಿಕ್ ಹಾಕಿ ಸಹಿ ಮಾಡಬೇಕು. "ಮೂಲದೊಂದಿಗೆ ತಾಳೆ ನೋಡಲಾಗಿದೆ" ಅನ್ನೂ ಶಿಕ್ಕಾ ಬಿದ್ದರ ಮುಗೀತು. ಕ್ಯಾಲ್ಕುಲೇಟರ್ ಇತ್ತು, ಇಲ್ಲಂತಲ್ಲ. ಆದ್ರ ಸಾಹೇಬರು ಅದನ್ನ ಮುಟ್ಟಗೊಡತಿರಲಿಲ್ಲ. "ಅದರ ಲೆಕ್ಕಕ್ಕ ಸಹಿ ಎಲ್ಲಿ ಮಾಡ್ತಿ, ಲಿಂಗಪ್ಪಾ? ಆಡಿಟಿನವರು ಕೇಳಿದ್ರ ಕ್ಯಾಲ್ಕುಲೇಟರ್ ಫೈಲಿಗೆ ಹೊಲೀತಿಯೇನು?" ಅಂತಿದ್ರು.

ಈಗ ಒಳಗಿನ ಮಾತು ಹೇಳತೇನಿ. ನಾ ಟಿಕ್ ಹಾಕೂದು, ಹೆಂಗೂ ಉಪಾಧ್ಯೆಯವರು ನೋಡತಾರಲ್ಲ ಅಂತ. ಉಪಾಧ್ಯೆಯವರು ಹಾಕೂದು, ಲಿಂಗಪ್ಪ ನೋಡ್ಯಾನಲ್ಲ ಅಂತ. ಸಾಹೇಬರು ಹಾಕೂದು, ಇಬ್ಬರು ನೋಡ್ಯಾರಲ್ಲ ಅಂತ. ನಮ್ಮ ಜವಾನ ಹುಸೇನಸಾಬ ನಮ್ಮೆಲ್ಲರಿಗಿಂತ ಹಳೇ ಮನಷ್ಯಾ. ಒಂದಿನ ಚಹಾ ಇಡತಾ ಕೇಳಿದ, "ನಾನೂ ನೋಡಿಲ್ರಿ ಅಣ್ಣಾರ, ನಂದೂ ಒಂದು ಟಿಕ್ ಹಾಕ್ಲ್ಯಾ?" ನಾವು ಮೂವರೂ ಹೊಟ್ಟಿ ಹಿಡಕೊಂಡು ನಕ್ವಿ. ನಗಬಾರದಿತ್ತು.

ಯಾಕಂದ್ರ ಅದ ವರ್ಷ ನಾಯಿ ಪ್ರಕರಣ ಆತು. ತಿಮ್ಮಾಪುರದ ಒಬ್ಬ ಅಭ್ಯರ್ಥಿ ಗಡಿಬಿಡಿಯೊಳಗ ಮನಿಯಾಗಿನ ಕಾಗದಪತ್ರ ಎಲ್ಲಾ ಜೆರಾಕ್ಸ್ ಮಾಡಿಸಿ ಒಂದ ಗಂಟು ತಂದು ಕೊಟ್ಟ. ಅದರಾಗ ಅವರ ಮನಿ ಮುಧೋಳ ನಾಯಿಯ ಲಸಿಕಿ ಕಾರ್ಡೂ ಸೇರಿತ್ತು. ಹೆಸರು ರಾಜಾ, ವಯಸ್ಸು ಎರಡು ವರ್ಷ, ಬಣ್ಣ ಕಂದು, ಎಲ್ಲಾ ಸ್ವಚ್ಛ ಬರದಿತ್ತು. ನೀಲಿ ಟಿಕ್ ಬಿತ್ತು, ಕರೀ ಟಿಕ್ ಬಿತ್ತು, ಹಸಿರು ಟಿಕ್ ಬಿತ್ತು. ಶಿಕ್ಕಾನೂ ಬಿತ್ತು. ಬಾಜೂಕ ನನ್ನ ಅಕ್ಷರದಾಗ "ಅಂಕಗಳನ್ನು ನಮೂದಿಸಿಲ್ಲ" ಅಂತ ಷರಾ ಬ್ಯಾರೆ.

ಮ್ಯಾಲಿನ ಕಚೇರಿಯಿಂದ ಪತ್ರ ಬಂತು: "ಸದರಿ ರಾಜಾ ಇವರ ಪದವಿ ಪ್ರಮಾಣಪತ್ರ ಲಗತ್ತಿಸಿರುವುದಿಲ್ಲ. ಏಳು ದಿನಗಳೊಳಗೆ ಸಲ್ಲಿಸತಕ್ಕದ್ದು." ಉಪಾಧ್ಯೆಯವರು ಪತ್ರ ಓದಿ, ಕಾರ್ಡ್ ನೋಡಿ, ಚಷ್ಮಾ ತಗದು ಒರಸಿ ಮತ್ತ ನೋಡಿದ್ರು. "ಲಿಂಗಪ್ಪಾ, ಇದು ನಾಯಿ ಐತೋ ಮಾರಾಯಾ" ಅಂದ್ರು. ನಾವು ಕುಂತು ಭಾಳ ಯೋಚನೆ ಮಾಡಿ "ಸದರಿ ರಾಜಾ ನಾಯಿಯಾಗಿರುತ್ತದೆ" ಅಂತ ಬರದು ಕಳಿಸಿದ್ವಿ. ಅದಕ್ಕೂ ಉತ್ತರ ಬಂತು: "ಈ ಮಾಹಿತಿಯನ್ನು ಮೂಲದೊಂದಿಗೆ ತಾಳೆ ನೋಡಿ ದೃಢೀಕರಿಸುವುದು."

ಏನ್ ಮಾಡೂದ್ರಿ? ಮೂಲ ಅಂದ್ರ ನಾಯಿನ. ಅಭ್ಯರ್ಥಿ ಪಾಪ ಟಂಟಂ ಗಾಡಿಯಾಗ ಅದನ್ನ ಹೇರಿಕೊಂಡು ಬಂದ. ಉದ್ದನ್ನ ಕಾಲು, ಸಣ್ಣ ನಡಾ, ನಮ್ಮೆಲ್ಲರಿಗಿಂತ ಗಂಭೀರ ಮಾರಿ. ಸಾಹೇಬರ ಖೋಲಿಗೆ ಬಂದು ಜಮಖಾನಿ ಮ್ಯಾಲೆ ಕುಂತಿತು. ಉಪಾಧ್ಯೆಯವರು ದೂರ ನಿಂತು ಬಣ್ಣ ತಾಳೆ ನೋಡಿದ್ರು. ಹುಸೇನಸಾಬ ಬಿಸ್ಕಿಟ್ ಹಾಕಿದ್ರ ಅದು ಮೂಸಿ ಬಿಟ್ಟಿತು. ಆವತ್ತು ನಾವು ಮೂವರೂ ಒಂದು ದಾಖಲೆ ಖರೇನ ನೋಡಿ ಟಿಕ್ ಹಾಕಿದ್ವಿ, ಅದೂ ನಾಯಿದು.

ಆನ್‌ಲೈನ್ ಬಂದ ಮ್ಯಾಲೆ ಎಲ್ಲಾ ಸರಿ ಹೋಗತೈತಿ ಅಂದ್ರು. ಬೀಳಗಿ ಕಡಿ ಒಬ್ಬಾಂವ ಶೇಕಡಾ ಬರಿಯೂ ಜಾಗದಾಗ ಒಂದು ವರ್ಷದ ಒಟ್ಟು ಅಂಕ ಬರದ, ಆರುನೂರಾ ಹನ್ನೆರಡು. ಕಂಪ್ಯೂಟರ್ ಮಿಕ್ಕವರನ್ನೆಲ್ಲಾ ಹಿಂದ ಸರಿಸಿ ಅವನನ್ನ ಪಟ್ಟಿಯಾಗ ಮೊದಲನೇಯವ ಮಾಡಿತು. ಊರಾಗ ಬ್ಯಾನರ್ ಹಾಕಿ, ಪೇಡೆ ಹಂಚಿ, ನಮಗೂ ಒಂದು ಡಬ್ಬಿ ತಂದ. ಪೇಡೆ ತಿಂದ ಮ್ಯಾಲೆ ನಮಗ ಅನುಮಾನ ಬಂತು. ತಿನ್ನೂಕಿಂತ ಮೊದಲು ಬಂದಿದ್ರ ಮಾರಿ ಉಳಿತಿತ್ತು.

ಇವೆಲ್ಲಾ ಹೇಳಿ ನಗಬೌದು. ಇನ್ನೊಂದು ಐತಿ, ಅದನ್ನ ನಕ್ಕೋತ ಚಾಲೂ ಮಾಡಿದ್ರೂ ನಕ್ಕೋತ ಮುಗಿಸಾಕ ನನಗ ಆಗೂದಿಲ್ಲ. ಅದು ಮಹಾದೇವಿಯ ಫೈಲು.

ಮಹಾದೇವಿ ಅನಗವಾಡಿಯಾಕಿ. ಹನ್ನೊಂದು ವರ್ಷ ಹಳ್ಳಿ ಸಾಲಿಯೊಳಗ ಅತಿಥಿ ಶಿಕ್ಷಕಿ ಅಂತ ಗಣಿತ ಕಲಸಿದ್ಲು. ಅತಿಥಿ ಅಂದ್ರ ಹೆಸರಿಗೆ. ಜೂನದಾಗ ಕರೀತಾರ, ಮಾರ್ಚದಾಗ ಕಳಸತಾರ, ಮತ್ತ ಜೂನದಾಗ ಅರ್ಜಿ ಕೊಡಬೇಕು. ಟಿಇಟಿ ಪಾಸಾಗಿದ್ಲು, ಸಿಇಟಿಯೊಳಗ ಗಣಿತಕ್ಕ ಛಲೋ ಅಂಕ ತಗದಿದ್ಲು. ವಯಸ್ಸಿನ ಮಿತಿ ಮುಟ್ಟಿತ್ತು. ಈ ಸಲ ಆಗಲಿಲ್ಲ ಅಂದ್ರ ಮುಂದಿನ ಸಲ ಅರ್ಜಿನ ತಗೊಳ್ಳೂದಿಲ್ಲ. ಇದನ್ನ ಆಕಿ ನನಗ ಹೇಳಲಿಲ್ಲ, ಅರ್ಜಿಯೊಳಗಿನ ಜನ್ಮ ತಾರೀಖು ಹೇಳಿತು.

ಡಿಗ್ರಿಯ ಆರು ಸೆಮಿಸ್ಟರ್. ಒಂದೊಂದಕ್ಕ ಆರುನೂರು ಅಂಕ, ಒಟ್ಟು ಮೂರು ಸಾವಿರದ ಆರುನೂರು. ಅಂದ್ರ ಆಕಿಗೆ ಹದಿನೆಂಟುನೂರು ಬಂದಿರಬೇಕು. ಅರ್ಜಿಯೊಳಗ ಹದಿನೆಂಟುನೂರಾ ಎಂಟು ಅಂತ ಬರದಿದ್ಲು. ನಾ ಒಂದರ ಕೆಳಗ ಒಂದು ಬರದು ಕೂಡಿಸಾಕ ಹತ್ತಿದೆ. ಬಿಡಿ ಸ್ಥಾನ ಕೂಡಿಸಿದ್ರ ಮೂವತ್ತೆಂಟು. ಎಂಟು ಬರದೆ, ಮೂರು ಕೈಯಾಗ ಇಟಗೊಂಡೆ. ಅಷ್ಟೊತ್ತಿಗೆ ಹುಸೇನಸಾಬ ಚಹಾ ತಂದ. ಚಹಾ ಕುಡದು, ಇವತ್ತು ಸಕ್ರಿ ಕಡಿಮಿ ಆತು ಅಂತ ಅವನ ಜೋಡಿ ವಾದ ಮಾಡಿ, ಮತ್ತ ಪೆನ್ನು ಹಿಡದೆ. ಮೂರು ಎಲ್ಲಿ ಹೋಯಿತೋ ಗೊತ್ತಿಲ್ಲ. ಒಟ್ಟು ಹದಿನೇಳುನೂರಾ ಎಪ್ಪತ್ತೆಂಟು ಬಂತು. ಐವತ್ತಕ್ಕ ಕಡಿಮಿ. "ಅನರ್ಹ" ಅಂತ ಬರದು ನೀಲಿ ಟಿಕ್ ಹಾಕಿದೆ.

ಉಪಾಧ್ಯೆಯವರು ತೇರದಾಳದ ಜೈನರು. ಹೊತ್ತು ಮುಣಗೂದ್ರಾಗ ಊಟ ಮಾಡೂ ಮನಷ್ಯಾ, ಐದರ ಬಸ್ಸು ತಪ್ಪಿದ್ರ ಅವತ್ತು ಉಪವಾಸ. ಕರೀ ಟಿಕ್ ಹಾಕಿ ಚೀಲಾ ಹಿಡದ್ರು. ಸಾಹೇಬರು ಹಸಿರು ಹಾಕಿದ್ರು.

ಪಟ್ಟಿ ಹಚ್ಚಿದ ಮರುದಿನ ಮಹಾದೇವಿ ಬಂದ್ಲು. ಸಾದಾ ಸೀರಿ, ಬಗಲಾಗ ಚೀಲ, ಚೀಲದಾಗ ಕೆಂಪು ಪೆನ್ನು ಸಿಗಿಸಿದ ಡೈರಿ. "ಸರ, ನನ್ನ ಲೆಕ್ಕ ಇನ್ನೊಮ್ಮೆ ಕೂಡಸ್ರಿ" ಅಂದ್ಲು.

"ಮೂರು ಮಂದಿ ನೋಡ್ಯಾರವ್ವಾ. ಆಕ್ಷೇಪಣೆ ಇದ್ರ ಬರದು ಕೊಡು."

ಮತ್ತೊಂದಿನ ಬಂದು ಬರದು ಕೊಟ್ಲು. ಮರುಪರಿಶೀಲನೆ ಅಂದ್ರ ಏನು? ಫೈಲು ತಗದೆ. ಮೂರು ಟಿಕ್ ಅದಾವ. ಸರಿ ಐತಿ ಅಂತ ಇನ್ನೊಂದು ನೀಲಿ ಹಾಕಿದೆ. ಕರೀದೂ ಬಿತ್ತು, ಹಸಿರೂ ಬಿತ್ತು. ಆರಾದ್ವು. ಆಕಿ ಮತ್ತ ಬಂದ್ಲು, ಸಾಹೇಬರ ಮುಂದ ನಿಂತ್ಲು. ಸಾಹೇಬರು "ಮರುಪರಿಶೀಲನೆಯನ್ನು ಮರುಪರಿಶೀಲಿಸಿ" ಅಂತ ಷರಾ ಬರದ್ರು. ನಾ ನೋಡಿದೆ, ಆರು ಟಿಕ್ ಅದಾವ. ಇನ್ನು ಮೂರು ಬಿದ್ವು. ಆ ಹಾಳಿ ಮ್ಯಾಲೆ ಲೆಕ್ಕಕ್ಕಿಂತ ಟಿಕ್ಕುಗಳದ ಜಾತ್ರಿ ಆಗಿತ್ತು. "ಒಂಬತ್ತು ಟಿಕ್ ಬಿದ್ದ ಲೆಕ್ಕ ತಪ್ಪಾಗಾಕ ಹೆಂಗ ಸಾಧ್ಯ?" ಅಂತ ಸಾಹೇಬರು ಖರೇನ ಆಶ್ಚರ್ಯಪಟ್ಟು ಕೇಳಿದ್ರು. ಅವರು ಕೆಟ್ಟ ಮನಷ್ಯಾ ಅಲ್ಲ, ನಂಬಿದ್ರು ಅಷ್ಟ.

ತಿದ್ದುಪಡಿಗೆ ಕೊನೇ ದಿನ. ಸಂಜಿ ಐದಕ್ಕ ವೆಬ್‌ಸೈಟ್ ಬಂದ್ ಆಗತಿತ್ತು. ನಾಲ್ಕು ಗಂಟೆಕ್ಕ ಮಹಾದೇವಿ ನಾಲ್ಕನೇ ಸಲ ಬಂದು ನನ್ನ ಮೇಜಿನ ಮುಂದ ನಿಂತ್ಲು. ನನಗ ಸಿಟ್ಟು ಬಂತು. "ಏನವ್ವಾ, ಒಂಬತ್ತು ಸಲ ನೋಡೇವಿ! ನಮಗ ಬ್ಯಾರೆ ಕೆಲಸ ಇಲ್ಲೇನು?"

ಆಕಿ ದನಿ ಏರಿಸಲಿಲ್ಲ. "ಒಂಬತ್ತು ಸಲ ನೋಡೀರ್ರಿ ಸರ. ಯಾರರೆ ಒಬ್ಬರು ಒಂದ ಸಲ ಕೂಡಿಸೀರೇನು?"

ಉಪಾಧ್ಯೆಯವರು ಟೈಪ್ ಮಾಡೂದು ನಿಲ್ಲಿಸಿದ್ರು. ಸಾಹೇಬರು ಬಾಗಲಕ್ಕ ಬಂದು, "ಆತು ಬಿಡೋ ಲಿಂಗಪ್ಪಾ, ಆಕಿ ಮುಂದನ ಕೂಡಿಸಿ ತೋರಸು, ಒಂದು ಸಮಾಧಾನ ಆಗಲಿ" ಅಂದ್ರು.

ನಾ ಒಂದು ಕಚ್ಚಾ ಹಾಳಿ ತಗೊಂಡು ಠೀವಿಯಿಂದ ಆರೂ ಅಂಕಿ ಬರದೆ. ಬಿಡಿ ಸ್ಥಾನ ಮೂವತ್ತೆಂಟು. ಎಂಟು ಬರದೆ. ಮೂರು ಕೈಯಾಗ. ಹುಸೇನಸಾಬ ಚಹಾ ತಂದ. ದೇವರಾಣಿ ಹೇಳತೇನಿ, ಮೂವತ್ತಾರು ವರ್ಷದ ಚಟ, ಪೆನ್ನು ಇಟ್ಟು ಕಪ್ಪು ಹಿಡದೆ. ಒಂದು ಗುಟುಕು ಕುಡದು ಮುಂದ ಕೂಡಿಸಿದೆ. ಹದಿನೇಳುನೂರಾ ಎಪ್ಪತ್ತೆಂಟು! ನಾ ಗೆದ್ದಾಂವನಂಗ ಹಾಳಿ ಮುಂದ ತಳ್ಳಿದೆ. ಉಪಾಧ್ಯೆಯವರ ಕೈ ತಾನ ಕರೀ ಪೆನ್ನಿಗೆ ಹೋತು.

"ತಡೀರಿ" ಅಂದ್ಲು ಮಹಾದೇವಿ. ಆ 'ತಡೀರಿ'ಗೆ ಉಪಾಧ್ಯೆಯವರು ಪೆನ್ನು ಕೆಳಗಿಟ್ರು, ಸಾಹೇಬರು ನೆಟ್ಟಗ ನಿಂತ್ರು. ಆಕಿ ನನ್ನ ಬಾಜೂಕ ಕುರ್ಚಿ ಎಳಕೊಂಡು ಕುಂತು, "ಸರ, ಎಡಗೈ ಮುಂದ ಮಾಡ್ರಿ" ಅಂದ್ಲು. ಮಾಡಿದೆ. "ಬಿಡಿ ಕೂಡಸ್ರಿ." ಮೂವತ್ತೆಂಟು ಅಂದೆ. "ಎಂಟು ಬರೀರಿ. ಈಗ ಮೂರು ಬಟ್ಟು ಮಡಚ್ರಿ. ಮತ್ತ ಕೂಡಸೂತನಕ ಬಿಚ್ಚಬ್ಯಾಡ್ರಿ. ಚಹಾ ಆಮ್ಯಾಲೆ."

ಅರವತ್ತಕ್ಕ ಬಂದ ಮನಷ್ಯಾ ನಾನು, ಆರನೇತ್ತೆ ಹುಡುಗರಂಗ ಮೂರು ಬಟ್ಟು ಮಡಚಕೊಂಡು ಕುಂತೆ. ಹುಸೇನಸಾಬ ನನ್ನ ಕಪ್ಪು ತನ್ನ ಕೈಯಾಗ ಹಿಡಕೊಂಡು ನಿಂತ. ಹತ್ತರ ಸ್ಥಾನ ಇಪ್ಪತ್ತೇಳು. "ಬಟ್ಟು ನೋಡ್ರಿ" ಅಂದ್ಲು. ಮೂರು ಕೂಡಿಸಿದೆ, ಮೂವತ್ತಾತು. ನನ್ನ ಕಿವಿ ಬಿಸಿ ಆದ್ವು. ಸೊನ್ನಿ ಬರದೆ, ಮತ್ತ ಮೂರ ಕೈಯಾಗ, ಬಟ್ಟು ಬಿಚ್ಚದ ನೂರರ ಸ್ಥಾನಕ್ಕ ಹೋದೆ. ಹದಿನೆಂಟುನೂರಾ ಎಂಟು.

ಆಕಿ ಡೈರಿಯಿಂದ ಕೆಂಪು ಪೆನ್ನು ತಗದು, ಹನ್ನೊಂದು ವರ್ಷದ ರೂಢಿ ನೋಡ್ರಿ, ಉತ್ತರದ ಬಾಜೂಕ ಒಂದು ರೈಟ್ ಹಾಕಿದ್ಲು. ಹಾಕಿದ ಮ್ಯಾಲೆ ತನ್ನಷ್ಟಕ್ಕ ನಾಚಿಕೊಂಡ್ಲು. ನಾ ತಲಿ ಎತ್ತಲಿಲ್ಲ. ಮೂರು ಸಲ ಬಸ್ಸು ಹಿಡದು ಬಂದಾಕಿನ್ನ ಮೂರು ಸಲ ಹೊರಗ ಹಾಕಿದಾಂವ ನಾನು.

ಇಲ್ಲಿಗೆ ಮುಗಿಯಲಿಲ್ಲ. ಕಂಪ್ಯೂಟರಿನಾಗ ತಿದ್ದಾಕ ಹೋದ್ರ ಅದು ಕಾರಣ ಕೇಳಿತು. ಅದರಾಗ ಇದ್ದ ಕಾರಣ: ಅಭ್ಯರ್ಥಿಯ ತಪ್ಪು ಮಾಹಿತಿ, ಅಭ್ಯರ್ಥಿ ಗೈರುಹಾಜರು, ಅಭ್ಯರ್ಥಿ ದಾಖಲೆ ಸಲ್ಲಿಸಿಲ್ಲ. ಕಚೇರಿ ತಪ್ಪು ಅನ್ನೂದು ಇರಲಿಲ್ಲ. ಅದನ್ನ ಮಾಡಿದವರಿಗೆ ಅಂಥದ್ದು ಆಗಬೌದು ಅಂತ ಹೊಳದ ಇರಲಿಲ್ಲ ಅನಸತೈತಿ. ಸಾಹೇಬರು ಉಪಾಯ ಹೇಳಿದ್ರು. "ತಂಗಿ, 'ನಾನು ತಪ್ಪು ಮಾಹಿತಿ ನೀಡಿದ್ದೆ, ಕ್ಷಮಿಸಬೇಕು' ಅಂತ ಒಂದು ಸಾಲು ಬರದು ಕೊಡು. ಎರಡು ನಿಮಿಷದಾಗ ಅರ್ಹ ಮಾಡತೇನಿ."

ಗಡಿಯಾರದಾಗ ನಾಲ್ಕು ನಾಲ್ವತ್ತು. ಆಕಿ ಹಾಳಿ ನೋಡಿದ್ಲು, ನನ್ನ ನೋಡಿದ್ಲು. ಕಣ್ಣಾಗ ನೀರು ನಿಂತಿತ್ತು, ಕೆಳಗ ಬೀಳಲಿಲ್ಲ. "ಬರದು ಕೊಡೂದಿಲ್ರಿ ಸರ. ನೌಕರಿ ಬೇಕ್ರಿ ನನಗ, ಭಾಳ ಬೇಕು. ಆದ್ರ ಲೆಕ್ಕ ಸರಿ ಮಾಡಿದ್ದಕ್ಕ ಕ್ಷಮಾ ಕೇಳಿ ಸಾಲಿಗೆ ಹೋದ್ರ, ನಾಳೆ ಹುಡುಗರ ಪಾಟಿ ಮ್ಯಾಲೆ ಏನಂತ ರೈಟ್ ಹಾಕಲಿ?"

ಆ ಕಾರಣಗಳ ಪಟ್ಟಿಯ ಕೆಳಗ 'ಇತರೆ' ಅನ್ನೂದೊಂದು ಇತ್ತು. ಅದನ್ನ ಒತ್ತಿದ್ರ ಜವಾಬ್ದಾರರ ಸಹಿ ಇರೂ ಪತ್ರ ಹಾಕಬೇಕು. ಯಾರೂ ಒಮ್ಮೆನೂ ಒತ್ತಿರಲಿಲ್ಲ. ನಾ ಹಾಳಿ ಎಳಕೊಂಡೆ. ಉಪಾಧ್ಯೆಯವರು ಸಣ್ಣ ದನಿಲೆ, "ಲಿಂಗಪ್ಪಾ, ನಾಲ್ಕ ತಿಂಗಳು ಉಳದೈತೋ. ನೋಟಿಸ್ ಬರತೈತಿ. ಯಾಕ ಬೇಕು ನಿನಗ?" ಅಂದ್ರು. ಹೆದರಿಕಿ ನನಗೂ ಇತ್ತು, ಸುಳ್ಳು ಯಾಕ ಹೇಳಲಿ. "ಕೂಡಿಸುವಾಗ ಕೈಯಲ್ಲಿದ್ದ ಮೂರನ್ನು ಸೇರಿಸಲು ಮರೆತಿರುತ್ತೇನೆ. ನಂತರ ಎರಡು ಸಲ ಕೂಡಿಸದೆಯೇ ಟಿಕ್ ಹಾಕಿರುತ್ತೇನೆ. ತಪ್ಪು ನನ್ನದು" ಅಂತ ಬರದು ಸಹಿ ಮಾಡಿದೆ.

ಉಪಾಧ್ಯೆಯವರು ಅದನ್ನ ಪೂರಾ ಓದಿದ್ರು. ಐದರ ಬಸ್ಸಿನ ಹಾರ್ನು ಕೇಳಸತಿತ್ತು. ಅವರು ಕೆಳಗ ಕರೀ ಶಾಯಿಲೆ ಬರದು ಸಹಿ ಮಾಡಿದ್ರು: "ನಾನೂ ನೋಡಿರುವುದಿಲ್ಲ." ಆಮ್ಯಾಲೆ ಹಾಳಿ ಸಾಹೇಬರ ಮುಂದ ಇಟ್ವಿ. ಎರಡು ಸಹಿ ಅದಾವಲ್ಲ ಅಂತ ಅವರು ಓದದನ ಹಸಿರು ಟಿಕ್ ಹಾಕಿ ಸಹಿ ಮಾಡಿದ್ರು. ಅವರು ಓದದ ಇದ್ದದ್ದು ಛಲೋ ಆಗಿದ್ದು ನನ್ನ ಸರ್ವಿಸಿನಾಗ ಅದೊಂದ ಸಲ. ಐದಕ್ಕ ಮೂರು ನಿಮಿಷ ಇರೂವಾಗ ಪರದಾ ಮ್ಯಾಲೆ 'ಅರ್ಹ' ಅಂತ ಬಂತು. ಹುಸೇನಸಾಬ ಆರಿದ ಚಹಾ ನನ್ನ ಮುಂದ ಇಟ್ಟು, "ಈಗ ಬಟ್ಟು ಬಿಚ್ರಿ ಅಣ್ಣಾರ" ಅಂದ. ನೋಡಕೊಂಡ್ರ ಎಡಗೈ ಬಟ್ಟು ಇನ್ನೂ ಮಡಚಕೊಂಡ ಇದ್ದೆ.

ಉಪಾಧ್ಯೆಯವರಿಗೆ ಬಸ್ಸು ತಪ್ಪಿತು. ಅವತ್ತು ಉಪವಾಸ ಮಾಡಿದ್ರು.

ನೋಟಿಸ್ ಬಂತು. ತಪ್ಪು ಮಾಡಿದ್ದು ಯಾಕ ಅಂತ ಕೇಳಿರಲಿಲ್ಲ. ತಪ್ಪನ್ನ ಬರವಣಿಗೆಯಲ್ಲಿ ಒಪ್ಪಿಕೊಂಡು ಕಚೇರಿಗೆ ಮುಜುಗರ ತಂದದ್ದು ಯಾಕ ಅಂತ ಕೇಳಿದ್ರು. ನಾ ಉತ್ತರದ ಜೋಡಿ ಆರು ಅಂಕಿಗಳ ಲೆಕ್ಕ ಬರದು ಲಗತ್ತಿಸಿ, ದಯಮಾಡಿ ಕೂಡಿಸಿ ನೋಡಬೇಕು ಅಂತ ಕೋರಿದೆ. ಹತ್ತು ದಿನಕ್ಕ ಅದು ತಿರುಗಿ ಬಂತು. ಮ್ಯಾಲೆ ಮೂರು ಟಿಕ್ ಬಿದ್ದಿದ್ವು, "ಪರಿಶೀಲಿಸಲಾಗಿದೆ, ಪ್ರಕರಣ ಮುಕ್ತಾಯ" ಅಂತ ಬರದಿತ್ತು. ಆ ಲೆಕ್ಕದೊಳಗ ನಾ ಬೇಕಂತ ಒಂದು ಅಂಕಿ ತಪ್ಪು ಬರದಿದ್ದೆ. ಯಾರೂ ಕೇಳಲಿಲ್ಲ.

ಮಹಾದೇವಿ ಅಕ್ಕೋರು ಈಗ ಹುನ್ನೂರ ಕಡಿ ಒಂದು ಸಾಲಿಯಾಗ ಅದಾರ. ಜೂನದಾಗ ಅರ್ಜಿ ಕೊಡೂದಿಲ್ಲ, ಮಾರ್ಚದಾಗ ಚೀಲಾ ಹೆಗಲಿಗೆ ಹಾಕಿಕೊಂಡು ಹೊರಗ ಬರೂದಿಲ್ಲ. ಆ ಆದೇಶ ಪತ್ರ ಕೊಟ್ಟ ದಿನ ನಾ ಅವರಿಗೆ ಸಾಲಿ ಹುಡುಗರು ಟೀಚರಿಗೆ ಅನ್ನೂವಂಗ ಮೊದಲನೇ ಸಲ 'ಅಕ್ಕೋರ' ಅಂದೆ. "ಸರ, ಬಟ್ಟು ಮಡಚೂದು ಮರೀಬ್ಯಾಡ್ರಿ" ಅಂತ ನಕ್ಕು ಹೋದ್ರು.

ತಂಗಿ ಮಗನ, ನಿನಗ ಹೇಳೂದು ಇಷ್ಟ. ಕಚೇರಿಯ ಕಾಗದ ಮನಿಗೆ ಒಯ್ಯಬಾರದು, ಅದು ನಿಯಮ. ನಾ ಒಂದು ಒಯ್ದೇನಿ. ಬೀಳ್ಕೊಡುಗೆಗೆ ಹಾಕಿದ ಶಾಲು ಎಲ್ಲಿ ಐತೋ ನಿಮ್ಮ ಮಾಮಿಗೇ ಗೊತ್ತು, ಆ ಕಚ್ಚಾ ಹಾಳಿ ಮಾತ್ರ ನಮ್ಮವ್ವನ ಮಗ್ಗದ ಫೋಟೋ ಹಿಂದ ಇಟ್ಟೇನಿ. ಮ್ಯಾಲೆ ನನ್ನ ತಪ್ಪು ಲೆಕ್ಕ, ಕೆಳಗ ಮೂರು ಬಟ್ಟು ಮಡಚಿ ಮಾಡಿದ ಲೆಕ್ಕ, ಬಾಜೂಕ ಕೆಂಪು ರೈಟು. ಮೂವತ್ತಾರು ವರ್ಷದಾಗ ನಾ ಸಾವಿರಗಟ್ಟಲೆ ಟಿಕ್ ನೋಡೇನಿ, ಹಾಕೇನಿ. ಕೂಡಿಸಿ ನೋಡಿ ಹಾಕಿದ್ದು ಅಂತ ಮನುಷ್ಯರ ಫೈಲಿನ್ಯಾಗ ನಾ ಕಂಡಿದ್ದು ಅದೊಂದ, ಅದೂ ನಾವು ಅನರ್ಹ ಅಂತ ಬರದಾಕಿ ಹಾಕಿದ್ದು.